ಜಯಪಾಲನ ಕ್ಷೌರದ ಕತ್ತಿಗಳು

ಕಾರಡ್ಕದ ಬಸ್‌ಸ್ಟಾಪಿನಿಂದ ಸ್ವಲ್ಪ ಒಳಗೆ ಸೌದಾಮಿನಿಯ ತಾರಸಿ ಮನೆ. ಮುಂದಿನ ಕೋಣೆಯಲ್ಲಿ ಹೊಲಿಗೆ ಮಿಷನ್ನು. ಸುತ್ತಲಿನ ಹೆಂಗಸರ ರವಕೆಗಳೆಲ್ಲ ಅವಳ ಕೈಯಿಂದಲೇ ಆಗಬೇಕು. ಮನೆ ಕಟ್ಟಿಸಿದ್ದು ಗಂಡ ಜಯಪಾಲ, ಶಾರ್ಜಾದಲ್ಲಿ ಎಸಿ ರಿಪೇರಿ ಮಾಡಿ. ಕಟ್ಟಿಸಿದವನು ಅದರಲ್ಲಿ ಇದ್ದದ್ದು ಮಾತ್ರ ರಜೆಯ ದಿನಗಳಲ್ಲಿ. ಮಕ್ಕಳಾಗಲಿಲ್ಲ. ಸೌದಾಮಿನಿಗೆ ಮದುವೆಯೆಂದರೆ ಹೆಚ್ಚಾಗಿ ಫೋನಿನಲ್ಲಿ ಬರುವ ಒಂದು ದನಿ. ಊಟ ಆಯಿತಾ, ಅಲ್ಲಿ ಮಳೆ ಉಂಟಾ, ಬಾವಿಯಲ್ಲಿ ನೀರು ಉಂಟಾ ಎಂದೆಲ್ಲ ಕೇಳಿ, ಕೊನೆಗೆ ‘ಆಯ್ತು’ ಎಂದು ಆ ದನಿ ಫೋನಿಡುತ್ತಿತ್ತು.

ಊರಿಗೆ ಬಂದಾಗ ಅವನು ಹಿಂದಿನ ಜಗಲಿಯಲ್ಲಿ ಕುಳಿತು ಗಡ್ಡ ತೆಗೆದುಕೊಳ್ಳುವುದನ್ನು ಅವಳು ಅಡುಗೆಮನೆಯ ಕಿಟಕಿಯಿಂದ ನೋಡುತ್ತಿದ್ದಳು. ಹಿಡಿಯೊಳಗೆ ಮಡಚಿಡುವ ಹಳೆಯ ಕಾಲದ ಕ್ಷೌರದ ಕತ್ತಿ. ಅಂಥವು ಅವನ ಹತ್ತಿರ ಮೂರಿದ್ದವು, ಶಾರ್ಜಾದ ಹಳೆ ಸಾಮಾನಿನ ಸಂತೆಯಲ್ಲಿ ಹುಡುಕಿ ತಂದವು. ಒಮ್ಮೆ ಅವಳು ಒಂದನ್ನು ಎತ್ತಿ ನೋಡಹೋದಾಗ, “ಮುಟ್ಟಬೇಡ ಮಾರಾಯ್ತಿ, ಬೆರಳು ಹೋದೀತು” ಎಂದು ಕಸಿದುಕೊಂಡಿದ್ದ. ಆಮೇಲೆ ಅವಳು ಮುಟ್ಟಲಿಲ್ಲ.

ಅವನಿಗೆ ಪಾರ್ಶ್ವವಾಯು ಬಡಿದದ್ದು ಶಾರ್ಜಾದಲ್ಲೇ. ಗಾಲಿಕುರ್ಚಿಯಲ್ಲಿ ಕೂರಿಸಿ ವಿಮಾನ ಹತ್ತಿಸಿದರು. ಬಲಗೈ, ಬಲಗಾಲು ಸ್ವಾಧೀನದಲ್ಲಿರಲಿಲ್ಲ, ಬಲಕೆನ್ನೆ ಜೋತುಬಿದ್ದಿತ್ತು. ಮಾತೆಲ್ಲ ಹೋಗಿ ಒಂದೇ ಒಂದು ಶಬ್ದ ಉಳಿದಿತ್ತು: ಆಯ್ತು. ಹಸಿವಾದರೂ ಆಯ್ತು, ಸಿಟ್ಟು ಬಂದರೂ ಆಯ್ತು. ಕಾಸರಗೋಡಿನ ಆಸ್ಪತ್ರೆಯಲ್ಲಿ ಡಾಕ್ಟರು, ಕೆಲವರಿಗೆ ಹೀಗೆ ಒಂದು ಮಾತು ಉಳಿಯುವುದುಂಟು, ಹೇಳಿದ್ದೆಲ್ಲ ಅವರಿಗೆ ಅರ್ಥವಾಗುತ್ತದೆ, ನೀವು ಮಾತಾಡುತ್ತಾ ಇರಿ ಎಂದರು. ಮೊದಮೊದಲು ನೆಂಟರು ಬಂದರು. ಮಳೆ ಹಿಡಿದ ಮೇಲೆ ಅದೂ ನಿಂತಿತು. ಇಷ್ಟು ವರ್ಷ ಮನೆಯಲ್ಲಿ ಒಬ್ಬಳೇ ಇದ್ದು ಅಭ್ಯಾಸವಾಗಿದ್ದ ಸೌದಾಮಿನಿಗೆ ಈಗ ಒಬ್ಬನ ಎದುರಿಗೆ ಒಬ್ಬಳೇ ಇರುವುದು ಹೊಸದಾಗಿತ್ತು.

ಗಡ್ಡ ಬೆಳೆದು ಜೊಲ್ಲಿಗೆ ಒದ್ದೆಯಾಗಿ ಚರ್ಮ ಕೆಂಪಾಗತೊಡಗಿದಾಗ ಅವಳು ಜಂಕ್ಷನ್ನಿನ ಸೆಲೂನಿನ ಸುಕುಮಾರನನ್ನು ಕರೆಸಿದಳು. ಅವನು ಅರ್ಧ ಬ್ಲೇಡು ಸಿಕ್ಕಿಸಿದ ಕತ್ತಿ ತೆಗೆದದ್ದೇ ತಡ, ಜಯಪಾಲ ಎಡಗೈಯಿಂದ ಅದನ್ನು ದೂಡಿ ಕಪಾಟಿನತ್ತ ಬೆರಳು ತೋರಿಸಿದ. ಅವನ ಸಾಮಾನಿನ ಜೊತೆ ಶಾರ್ಜಾದಿಂದ ಬಂದಿದ್ದ ಕತ್ತಿಗಳ ಪೆಟ್ಟಿಗೆಯನ್ನು ಸೌದಾಮಿನಿ ಹುಡುಕಿ ತಂದಳು. ಸುಕುಮಾರ ಒಂದನ್ನು ಬಿಚ್ಚಿ ಬೆಳಕಿಗೆ ಹಿಡಿದ.

“ಇದು ನನ್ನಿಂದಾಗುವುದಿಲ್ಲ ಅಕ್ಕ. ನನ್ನ ಅಪ್ಪ ಇಂಥದರಲ್ಲೇ ಮಾಡುತ್ತಿದ್ದದ್ದು. ನಾವೆಲ್ಲ ಬ್ಲೇಡಿನವರು. ಮತ್ತೆ ಇದಕ್ಕೆ ತುಕ್ಕು ಹಿಡಿದುಂಟು ನೋಡಿ.”

“ಅವರು ಬೇರೆಯದಕ್ಕೆ ಮುಖ ಕೊಡುವುದಿಲ್ಲವಲ್ಲ. ಎಂತ ಮಾಡುವುದು?”

“ನೀವೇ ಕಲಿಯಿರಿ. ಕತ್ತರಿ ಹಿಡಿದ ಕೈ ಅಲ್ಲವಾ ನಿಮ್ಮದು?”

ಅವನು ತಮಾಷೆಗೆ ಹೇಳಿದ್ದು. ಅವನು ಹೋದ ಮೇಲೂ ಜಯಪಾಲ ಪೆಟ್ಟಿಗೆಯ ಮೇಲಿಂದ ಕೈ ತೆಗೆಯಲಿಲ್ಲ. ಅದನ್ನು ನೋಡಿ ಅವಳು ಕಲಿಯುವುದೆಂದು ನಿಶ್ಚಯಿಸಿದಳು.

ಬಾಯಿಲ್ಲದ ಗುರುವಿನಿಂದ ಕಲಿಯುವುದು ಸುಲಭವಿರಲಿಲ್ಲ. ಕತ್ತಿಯನ್ನು ಹದ ಮಾಡಲು ಚರ್ಮದ ಪಟ್ಟಿಯೊಂದಿತ್ತು. ಅದರ ಒಂದು ತುದಿಯನ್ನು ಕಿಟಕಿಯ ಸರಳಿಗೆ ಕಟ್ಟಿ, ಇನ್ನೊಂದನ್ನು ಬಿಗಿಯಾಗಿ ಹಿಡಿದು ಕತ್ತಿಯನ್ನು ಎಳೆದಳು. ಮರಳಿ ತರುವಾಗ ಹರಿತವಾದ ಬಾಯಿಯ ಕಡೆಯಿಂದ ಹೊರಳಿಸಿದ್ದರಿಂದ ಪಟ್ಟಿ ಕಚಕ್ಕೆಂದು ಸೀಳಿತು. ಜಯಪಾಲ ಮಂಚಕ್ಕೆ ಅಂಗೈ ಬಡಿದ. “ಆಯ್ತು! ಆಯ್ತು!”

“ಎಂತ ಆಯ್ತು? ನನಗೆಂತ ಗೊತ್ತು? ನೀವು ಎಂದಾದರೂ ಹೇಳಿಕೊಟ್ಟದ್ದುಂಟಾ?”

ಅವನು ದಿಂಬಿನ ಪಕ್ಕದ ಬಾಚಣಿಗೆಯನ್ನು ಎಡಗೈಯಲ್ಲಿ ತೆಗೆದುಕೊಂಡು ತೊಡೆಯ ಮೇಲೆ ಎಳೆದ. ತುದಿಯಲ್ಲಿ ನಿಲ್ಲಿಸಿ, ಹಲ್ಲುಗಳನ್ನು ಮೇಲಕ್ಕೆತ್ತಿ, ಬೆನ್ನಿನ ಮೇಲೆ ಹೊರಳಿಸಿ, ಹಿಂದಕ್ಕೆ ತಂದ. ಮತ್ತೊಮ್ಮೆ ಮಾಡಿದ. ಕತ್ತಿಯ ಬೆನ್ನು ಪಟ್ಟಿಯನ್ನು ಬಿಡಬಾರದು, ಬಾಯಿ ಹಿಂದಿನಿಂದ ಬರಬೇಕು. ಅವಳಿಗೆ ತಿಳಿಯಿತು. ಊರಿಗೆ ಬಂದ ಮೇಲೆ ಅವನ ಎಡಗೈ ಮಾಡಿದ ಮೊದಲ ಉಪಯೋಗದ ಕೆಲಸ ಅದು.

ತುಕ್ಕಿನ ಚುಕ್ಕೆಗಳನ್ನು ತಿಕ್ಕಿ ತೆಗೆದಳು. ನುಣುಪಾದ ಸಾಣೆಕಲ್ಲಿಗೆ ನೀರು ಹಾಕಿ, ಕತ್ತಿಯನ್ನು ಅಡ್ಡ ಮಲಗಿಸಿ, ಒತ್ತದೆ ಮಸೆಯುವುದನ್ನು ಕಲಿತಳು. ಒತ್ತಿದರೆ ಅಂಚು ಮುರುಟುತ್ತದೆ. ಅಭ್ಯಾಸಕ್ಕೆ ಎಳೆ ಬೂದುಗುಂಬಳಕಾಯಿ ಸಿಕ್ಕಿತು: ಅದರ ಮೇಲೆ ಸೋಪಿನ ನೊರೆ ಬಳಿದು, ಸಿಪ್ಪೆಗೆ ಗಾಯವಾಗದಂತೆ ಮೇಲಿನ ರೋಮದಂಥ ಸುಂಕು ಮಾತ್ರ ತೆಗೆಯಬೇಕು. ಮೊದಲಿನ ಕಾಯಿಗಳೆಲ್ಲ ಗಾಯವಾಗಿ ಅಡುಗೆಯ ಹುಳಿಗೆ ಸೇರಿದವು. ಕೈ ಕೂತ ಮೇಲೆ ಗಂಡನ ಮುಖಕ್ಕೆ ಬಂದಳು.

ಬಟ್ಟೆಗೆ ಎಳೆ ಇರುವಂತೆ ಗಡ್ಡಕ್ಕೂ ಒಂದು ಓಟವಿತ್ತು. ಕೆನ್ನೆಯಲ್ಲಿ ಕೆಳಗೆ, ಗಂಟಲಲ್ಲಿ ಅಡ್ಡ, ಗದ್ದದ ಕೆಳಗೆ ಸುಳಿ. ಅದನ್ನು ಬೆರಳಿನಿಂದ ತಡವಿ ನೋಡಿಯೇ ಕತ್ತಿ ಇಡಬೇಕು. ಮೂರು ಕತ್ತಿಗಳೂ ಒಂದೇ ಬಗೆಯವಲ್ಲ. ಕಪ್ಪು ಹಿಡಿಯ ಕತ್ತಿ ಕಾಗದದಷ್ಟು ತೆಳು. ಕೂದಲಿಗೆ ತಾಗಿದರೆ ಕಿರುಗುಟ್ಟುತ್ತದೆ, ಸ್ವಲ್ಪ ಓರೆಯಾದರೂ ಕಚ್ಚುತ್ತದೆ. ಮರದ ಹಿಡಿಯ ಕತ್ತಿ ದಪ್ಪ, ಭಾರ. ಸದ್ದಿಲ್ಲದೆ ಒರಟು ಗಡ್ಡವನ್ನು ಇಳಿಸುತ್ತದೆ, ಆದರೆ ಮೂಗಿನ ಕೆಳಗೆ ನಡೆಯುವುದಿಲ್ಲ. ದಂತದ ಬಣ್ಣದ ಹಿಡಿಯ ಕತ್ತಿಗೆ ಮಾತ್ರ ತುದಿ ದುಂಡಗಿತ್ತು. ಬಲಕೆನ್ನೆಗೆ ಅದೊಂದೇ ಆಗುವುದೆಂದು ಅವಳಿಗೆ ಗೊತ್ತಾದದ್ದು ಒಂದು ದಿನ ತೆಳು ಕತ್ತಿ ಅಲ್ಲಿ ಗೀರಿದಾಗ. ರಕ್ತ ಕುತ್ತಿಗೆಯವರೆಗೆ ಹರಿಯಿತು. ಆ ಕೆನ್ನೆಗೆ ಸ್ಪರ್ಶವೇ ಇರಲಿಲ್ಲ. ಅವನು ಕಿಟಕಿಯ ಹೊರಗೆ ನೋಡುತ್ತಲೇ ಇದ್ದ. ರಕ್ತ ನಿಲ್ಲಲು ಪಟಿಕದ ಕಲ್ಲು ಒತ್ತಿ ಹಿಡಿದು ಅವಳು ಅತ್ತಳು. ಯಾಕೆ ಅಳುತ್ತಾಳೆಂದು ಅವನಿಗೆ ತಿಳಿಯಲಿಲ್ಲ.

ಕೆಲಸ ಮುಗಿದ ಮೇಲೆ ಒರೆಸಿ, ಒಣಗಿಸಿ, ಹೊಲಿಗೆ ಮಿಷನ್ನಿನ ಎಣ್ಣೆಯಲ್ಲಿ ಬಟ್ಟೆ ಅದ್ದಿ ತೆಳುವಾಗಿ ಸವರುತ್ತಿದ್ದಳು. ತೆಂಗಿನೆಣ್ಣೆ ಅಂಟಾಗುತ್ತಿತ್ತು.

ಕಲಿತ ಮೇಲೆ ಅವಳಿಗೆ ಆ ಹೊತ್ತು ಬೇಕೆನಿಸತೊಡಗಿತು. ಗಂಡನ ಮುಖವನ್ನು ಅಷ್ಟು ಹತ್ತಿರದಿಂದ, ಅಷ್ಟು ಹೊತ್ತು ಅವಳು ನೋಡಿಯೇ ಇರಲಿಲ್ಲ. ಒಂದು ದಿನ ದವಡೆಯ ಕೆಳಗೆ ಹಳೆಯ ಹೊಲಿಗೆಯ ಗುರುತೊಂದು ಬೆರಳಿಗೆ ಸಿಕ್ಕಿತು.

“ಇದೆಂತ? ಯಾವಾಗ ಆದದ್ದು?”

“ಆಯ್ತು,” ಎಂದ ಜಯಪಾಲ.

ಆ ಪ್ರಶ್ನೆ ಅವಳನ್ನು ಬಿಡಲಿಲ್ಲ. ಶಾರ್ಜಾದಲ್ಲಿ ಅವನ ಜೊತೆ ಕೋಣೆಯಲ್ಲಿದ್ದ ಪುರಂದರನಿಗೆ ಫೋನು ಮಾಡಿ ಕೇಳಿದಳು.

“ಓ, ಅದಾ ಅತ್ತಿಗೆ? ಏಣಿಯಿಂದ ಬಿದ್ದದ್ದಲ್ಲವಾ? ಸುಮಾರು ವರ್ಷ ಆಯಿತು. ನಿಮಗೆ ಹೇಳಲಿಲ್ಲವಾ? ಹೆದರುತ್ತೀರಿ ಅಂತ ಇರಬೇಕು.” ಅವನು ನಕ್ಕ. “ಈಗ ಶುಕ್ರವಾರದ ರಜೆ ಬಂದರೆ ಬೇಜಾರು ನಮಗೆ. ನಮ್ಮದೆಲ್ಲ ಗಡ್ಡ ಅಣ್ಣನೇ ತೆಗೆಯುತ್ತಿದ್ದದ್ದು. ಅವನ ಕತೆ, ಅವನ ಮಿಮಿಕ್ರಿ... ನಗಿಸಿ ನಗಿಸಿ ಸಾಕು ಮಾಡುತ್ತಿದ್ದ. ಕತ್ತಿ ಇಟ್ಟಿದ್ದೇನೆ, ನಗಬೇಡಿ ಅಂತ ಅವನೇ ಬೈಯುವುದು.”

ಸೌದಾಮಿನಿ ಫೋನಿಟ್ಟು ಮಿಷನ್ನಿನ ಮುಂದೆ ಕುಳಿತಳು. ಹೊಲಿಯಲಿಲ್ಲ. ಮಿಮಿಕ್ರಿ ಮಾಡುವ ಜಯಪಾಲನನ್ನು ಅವಳು ಕಂಡಿರಲಿಲ್ಲ. ಅವನನ್ನು ಕಂಡವರೆಲ್ಲ ಕಡಲಿನಾಚೆ ಇದ್ದರು. ಇಲ್ಲಿಗೆ ಬಂದದ್ದು ಉಳಿದ ಭಾಗ.

ಒಳಗೆ ಹೋಗಿ, “ಪುರಂದರ ಸಿಕ್ಕಿದ. ಶುಕ್ರವಾರದ್ದೆಲ್ಲ ಹೇಳಿದ,” ಎಂದಳು. ಜಯಪಾಲನ ಮುಖ ಎಡಗಡೆಯಿಂದ ನಕ್ಕಿತು. ಮತ್ತೆ ಅವನು ಗೋಡೆಯ ಕಡೆ ತಿರುಗಿಕೊಂಡ.

ವರ್ಷ ಕಳೆಯುವಷ್ಟರಲ್ಲಿ ಅವನು ಕೋಲೂರಿ ಜಗಲಿಯವರೆಗೆ ನಡೆಯುವಂತಾದ. ಒಂದು ಬೆಳಿಗ್ಗೆ ಅವಳು ನೊರೆ ಹಚ್ಚಿ ಕತ್ತಿ ಎತ್ತಿದಾಗ ಅವನು ಎಡಗೈ ಚಾಚಿದ. ಕೊಡಲೋ ಬೇಡವೋ ಎಂದು ಅವಳು ತಡೆದಳು. ಕೈ ಚಾಚಿಯೇ ಇತ್ತು. ದುಂಡು ತುದಿಯದನ್ನು ಕೊಟ್ಟು, ಪಕ್ಕದಲ್ಲೇ ನಿಂತಳು. ಅವನು ಬಹಳ ಹೊತ್ತು ತೆಗೆದುಕೊಂಡ, ಗಾಯ ಮಾಡಿಕೊಳ್ಳಲಿಲ್ಲ. ವ್ಯಾಯಾಮ ಮಾಡಿಸಲು ಬರುವ ಗೌತಮಿ ಇದನ್ನು ಕೇಳಿ ಚಪ್ಪಾಳೆ ತಟ್ಟಿದಳು. “ಆಂಟಿ, ಇನ್ನು ನಿಮಗೆ ಒಂದು ಕೆಲಸ ಕಡಿಮೆ!”

“ಹೌದು,” ಎಂದಳು ಸೌದಾಮಿನಿ. ಸಂತೋಷವೂ ಆಗಿತ್ತು. ಆದರೆ ಅಂದಿನಿಂದ ಅವನು ಹಿಂದಿನ ಜಗಲಿಯಲ್ಲಿ, ಅಂಗಳದ ಕಡೆ ಮುಖ ಮಾಡಿ, ಕನ್ನಡಿಯನ್ನು ಕಂಬಕ್ಕೆ ತೂಗುಹಾಕಿ ಕುಳಿತುಕೊಳ್ಳುತ್ತಾನೆ. ಪಕ್ಕದಲ್ಲಿ ನಿಂತರೆ ಕೈ ಬೀಸಿ ಕಳಿಸುತ್ತಾನೆ.

ಪಟ್ಟಿಗೆ ಎಳೆಯುವುದು, ಕಲ್ಲಿಗೆ ಹಚ್ಚುವುದು ಎರಡು ಕೈಯ ಕೆಲಸ. ಅದು ಅವಳಲ್ಲೇ ಉಳಿದಿದೆ. ಹದ ಮಾಡಿದ ಕತ್ತಿಯನ್ನು ಅವನ ಕೈಗೆ ಕೊಟ್ಟು, ಮಿಷನ್ನಿಗೆ ಬಂದು ಕುಳಿತು, ಕತ್ತಿ ಹೆರೆಯುವ ಸದ್ದನ್ನು ಕೇಳುತ್ತಾಳೆ. ಸ್ಪರ್ಶವಿಲ್ಲದ ಬಲದವಡೆಯಲ್ಲಿ ಅವನಿಗೆ ಗೊತ್ತಾಗದೆ ಒಂದಿಷ್ಟು ಬಿಳಿ ಕೂದಲು ಉಳಿದಿರುತ್ತದೆ. ಸದ್ದು ನಿಂತ ಮೇಲೆ ಅವಳು ಎದ್ದುಹೋಗಿ, ಅದನ್ನು ಬೆರಳಿನಿಂದ ತೋರಿಸಿ, ಕತ್ತಿಗಾಗಿ ಕೈ ನೀಡುತ್ತಾಳೆ. ಕೆಲವು ದಿನ ಅವನು ಕತ್ತಿ ಕೊಟ್ಟು ಕುತ್ತಿಗೆ ಮೇಲೆತ್ತುತ್ತಾನೆ. ಕೆಲವು ದಿನ ಟವೆಲಿನಿಂದ ಮುಖ ಒರೆಸಿಕೊಂಡು ಏಳಲು ಕೋಲಿಗೆ ಕೈ ಹಾಕುತ್ತಾನೆ. ಆಗ ಅವಳು ಗಡ್ಡ ತೆಗೆದ ಬೋಗುಣಿಯ ನೀರನ್ನು ಬಸಳೆಯ ಬುಡಕ್ಕೆ ಚೆಲ್ಲಿ ಒಳಗೆ ಬರುತ್ತಾಳೆ.