ನಾಲಿಗೆ ಎತ್ತಿ ತೋರಿಸಿದವಳು

ನಮ್ಮ ಹುಲಿಕುಂಟೆ ಕಡೆ ಚಿಕ್ಕಲಕ್ಷ್ಮಮ್ಮನ ಬಾಯಿಗೆ ಹೆದರದವರಿಲ್ಲ. ನಾನು ಅವಳ ಓರಗಿತ್ತಿ, ಅವಳ ಮೈದುನನ ಹೆಂಡತಿ; ಅಕ್ಕ ಅಂತಲೇ ಕರೆಯುವುದು. ಒಂದೇ ಒಲೆಯಲ್ಲಿ ಬೇಯಿಸಿ ಉಂಡವಳು. ಆ ಬಾಯಲ್ಲಿ ಬೈಗುಳ ಬರುತ್ತದೆ, ಸುಳ್ಳು ಬರುವುದಿಲ್ಲ. ಅಂಥವಳನ್ನು ಸುಳ್ಳುಗಾತಿ ಅಂದರು. ನೆನೆಸಿಕೊಂಡರೆ ನನಗೆ ಈಗಲೂ ಮೈ ಉರಿಯುತ್ತದೆ.

ಕೆಲವು ವರ್ಷದ ಹಿಂದಿನ ಮಾತು. ಈಗ ಕೊಡುವ ಹೊಸ ಮಾತ್ರೆ ಆಗಿನ್ನೂ ಬಂದಿರಲಿಲ್ಲ. ಬಿಡದ ಜ್ವರಕ್ಕೆ ರಕ್ತ ಪರೀಕ್ಷೆ ಮಾಡಿಸಿದಾಗ ಅಕ್ಕನಿಗೆ ಎಚ್‌ಐವಿ ಅಂತ ಗೊತ್ತಾಯಿತು. ಅವಳ ಗಂಡ ರಂಗೇಶ್ ಭಾವನಿಗೂ ಇತ್ತು. ಭಾವ ಬೋರ್‌ವೆಲ್ ಲಾರಿಯಲ್ಲಿ ಊರೂರು ಸುತ್ತುವವನು. ಸುದ್ದಿ ಕೇಳಿ ಆಕಾಶವೇ ತಲೆ ಮೇಲೆ ಬಿದ್ದವನ ಹಾಗೆ ಕೂತ. ಅಕ್ಕ ಅತ್ತಳು, ಬೈದಳು, ಆಮೇಲೆ ಸೆರಗು ಸಿಕ್ಕಿಸಿಕೊಂಡು ಮಾತ್ರೆ ಶುರು ಮಾಡಿದಳು. ದಿನಾ ರಾತ್ರಿ ಊಟದ ಮೇಲೆ ಒಂದು. ತಪ್ಪಿಸಿದ್ದೇ ಇಲ್ಲ. ನೀರು ಕೊಟ್ಟವಳು ನಾನು.

ಆರು ತಿಂಗಳಿಗೆ ರಕ್ತ ನೋಡಿದರೆ ವೈರಸ್ ಇಳಿದೇ ಇಲ್ಲ! ಮಾತ್ರೆ ಕೊಡುವ ಕೇಂದ್ರದಲ್ಲಿ ತಿಳಿವಳಿಕೆ ಹೇಳುವ ಶೃತಿ ಮೇಡಂ ಕೆಟ್ಟವಳಲ್ಲ, ಆದರೆ ಅವತ್ತು ಅವಳಿಗೆ ತಾಳ್ಮೆ ಇರಲಿಲ್ಲ.

“ಮಾತ್ರೆ ನುಂಗ್ತಾ ಇಲ್ಲ ನೀವು. ನುಂಗಿದ್ರೆ ಇಳೀಲೇಬೇಕು. ಎಲ್ರೂ ಹೀಗೇ ಹೇಳ್ತಾರೆ.”

“ಎಲ್ರೂ ಹೇಳ್ಲಿ ಕಣಮ್ಮ, ನಾನು ಎಲ್ರಲ್ಲ,” ಅಂದಳು ಅಕ್ಕ. “ನಾಳೆಯಿಂದ ನಿನ್ ಕಣ್ಮುಂದೇನೇ ನುಂಗ್ತೀನಿ. ಆಮೇಲೂ ಇಳೀದಿದ್ರೆ ಏನ್ ಹೇಳ್ತೀಯೋ ಯೋಚ್ನೆ ಮಾಡ್ಕಂಡಿರು.”

“ಅದು ರಾತ್ರಿ ಮಾತ್ರೆ. ಹಗಲು ತಗೊಂಡ್ರೆ ತಲೆ ತಿರುಗುತ್ತೆ.”

“ತಿರುಗ್ಲಿ. ತಲೆ ನಂದು.”

ಹೇಳಿದಂತೆ ಮಾಡಿದಳು. ಶಿರಾದ ಕಡಲೆಕಾಯಿ ಮಿಲ್ಲಿಗೆ ಬೀಜ ಆರಿಸಲು ನಾವಿಬ್ಬರೂ ಹೋಗುತ್ತಿದ್ದೆವು. ಮಿಲ್ಲಿಗೆ ಮೊದಲು ಕೇಂದ್ರ. ಕಾದು ಕೂತ ಜನರ ಎದುರಿಗೇ ಮಾತ್ರೆ ನುಂಗಿ, ಬಾಯಿ ಅಗಲಿಸಿ, ನಾಲಿಗೆ ಎತ್ತಿ, “ನೋಡಮ್ಮ, ಸರಿಯಾಗಿ ನೋಡು” ಅನ್ನುವಳು. ಮೇಡಂ ಮೊದಮೊದಲು ನೋಡಿದಳು, ಆಮೇಲೆ ತಲೆ ತಗ್ಗಿಸತೊಡಗಿದಳು. ಅಕ್ಕ ಬಿಡಲಿಲ್ಲ. ಮಿಲ್ಲಿನಲ್ಲಿ ಅವಳಿಗೆ ಕಣ್ಣು ಕತ್ತಲಿಟ್ಟು ಜೊಳ್ಳೂ ಗಟ್ಟಿಯೂ ಒಂದೇ ಆಗಿ ಕಾಣುತ್ತಿದ್ದವು, ಮೇಸ್ತ್ರಿ ಬೈಯುತ್ತಿದ್ದ. ಎದ್ದರೆ ಬೀಳುತ್ತಾಳೆಂದು ನಾನು ಸೆರಗು ಹಿಡಿದೇ ಕೂರುತ್ತಿದ್ದೆ. ಭಾವ ಮಾತ್ರ, “ಯಾಕೆ ಈ ಹಠ, ಬುಡು” ಅನ್ನುತ್ತಿದ್ದ. ಹೆಂಡತಿ ಮೇಲಿನ ಕನಿಕರ ಅಂದುಕೊಂಡೆ ನಾನು, ಪೆದ್ದಿ.

ಮತ್ತೆ ರಕ್ತ ನೋಡಿದರು. ಇಳಿದಿರಲಿಲ್ಲ. ಈ ಸಲ ಮೇಡಮ್ಮೇ ಡಾಕ್ಟರ ಹತ್ತಿರ ಹಠ ಹಿಡಿದು ರಕ್ತವನ್ನು ಬೆಂಗಳೂರಿಗೆ ಕಳಿಸಿದಳು. ಬಂದ ಉತ್ತರ ಇಷ್ಟು: ಅಕ್ಕನ ಮೈ ಸೇರುವಾಗಲೇ ಆ ವೈರಸ್ ಈ ಮಾತ್ರೆಯ ಪಟ್ಟುಗಳನ್ನೆಲ್ಲ ಕಲಿತುಬಿಟ್ಟಿತ್ತು. ಎಷ್ಟು ನುಂಗಿದರೂ ಜಗ್ಗುತ್ತಿರಲಿಲ್ಲ. ಬೇರೆ ಮಾತ್ರೆ ಕೊಡುತ್ತೇವೆ, ಅದಕ್ಕೆ ಬಗ್ಗುತ್ತದೆ ಅಂದ ಡಾಕ್ಟರು ಭಾವನ ಕಡೆ ತಿರುಗಿದರು.

“ಈ ಮಾತ್ರೆ ನೀವು ಮೊದಲೇ ತಗೊಂಡಿದ್ರಾ?”

ಆಗ ಭಾವ ಬಾಯಿಬಿಟ್ಟ. ಕಾಯಿಲೆ ಅವನಿಗೆ ಮೊದಲೇ ಗೊತ್ತಿತ್ತು. ಮನೆಗೆ ಹೇಳದೆ ಆಂಧ್ರದ ಕಡೆ ಗುಟ್ಟಾಗಿ ಮಾತ್ರೆ ತರುತ್ತಿದ್ದ. ಲಾರಿಯ ಜೊತೆಗಾರ ಪಾವಗಡದವನಿಗೂ ಅದೇ ಕಾಯಿಲೆ, ಆಸ್ಪತ್ರೆಗೆ ಹೋಗಲು ಮರ್ಯಾದೆಯ ಭಯ. ಬೀಡಿಯಾಗಲಿ ಮುದ್ದೆಯಾಗಲಿ, ಬೋರ್ ಲಾರಿಯವರು ಇದ್ದುದನ್ನು ಹಂಚಿಕೊಳ್ಳುವವರೇ.

“ಒಂದಿನ ಅವ್ನು, ಒಂದಿನ ನಾನು. ಒಬ್ನೇ ನುಂಗಾಕೆ ಮನ್ಸು ಬರ್ನಿಲ್ಲ,” ಅಂದ. ಆ ಅರೆಬರೆ ಮಾತ್ರೆಯಲ್ಲೇ ವೈರಸ್ ಗಟ್ಟಿಯಾಗಿದೆ ಅಂದರು ಡಾಕ್ಟರು.

ಶೃತಿ ಮೇಡಂ ಅಕ್ಕನ ಕೈ ಹಿಡಿದಳು. “ತಪ್ಪಾಯ್ತಮ್ಮ.”

“ಮುಂದೆ ಬರೋಳ್ನ ಮೊದ್ಲು ನಂಬು. ಅಷ್ಟು ಮಾಡು.”

ಅಕ್ಕ ಈಗ ಭಾವನ ಕೊರಳಪಟ್ಟಿ ಹಿಡಿಯುತ್ತಾಳೆ ಅಂದುಕೊಂಡೆ. ನನಗೇ ಹಿಡಿಯುವಷ್ಟು ಸಿಟ್ಟು ಬಂದಿತ್ತು. ಅವಳು ಅವನ ಕಡೆ ತಿರುಗಿದಳು.

“ನಿನ್ ಪಾಡು ಆಮ್ಯಾಕೆ ನೋಡ್ಕತೀನಿ. ಆ ಪಾವಗಡದೋನ್ಗೆ ಹೆಂಡ್ತಿ ಅವ್ಳಾ?”

“ಅವ್ಳೆ.”

“ಅವ್ಳಿಗೆ ಗೊತ್ತಾ?”

ಭಾವ ಇಲ್ಲವೆಂದು ತಲೆಯಾಡಿಸಿದ. ಅಕ್ಕ ಡಾಕ್ಟರು ಕೊಟ್ಟ ಬೇರೆ ಮಾತ್ರೆಯ ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡು ಎದ್ದಳು.

“ಏಳು ಮ್ಯಾಕೆ, ಪಾವಗಡದ ಬಸ್ಸು ಹತ್ತು. ನಾಳೆ ಅವ್ಳೂ ಯಾರ ಮುಂದೋ ನಾಲ್ಗೆ ಎತ್ಬೇಕಾ?”