ಅಕ್ಕನ ಉತ್ತರ

ವಿಶ್ವವಿದ್ಯಾಲಯದ ಗಣಿತ ವಿಭಾಗದಲ್ಲಿ ‘ಹಾಳೆ ಮೇಡಂ’ ಅಂದರೆ ಎಲ್ಲರಿಗೂ ಗೊತ್ತು. ದೊಡ್ಡ ದೊಡ್ಡ ಸಮೀಕರಣಗಳ ಗುಂಪನ್ನು ಕಂಪ್ಯೂಟರಿನಿಂದ ಬಿಡಿಸುವುದು ಹೇಗೆ, ಬಿಡಿಸುವಾಗ ಅದು ಎಲ್ಲೆಲ್ಲಿ ಕೈಕೊಡುತ್ತದೆ ಅನ್ನುವುದು ಅವರ ಪಾಠ. ಯಾರಾದರೂ ಉತ್ತರ ಹಿಡಿದು ಓಡಿಬಂದರೆ ಅತ್ತ ಕಣ್ಣೂ ಹಾಯಿಸುವುದಿಲ್ಲ. ಬಿಡಿಸಿದ ಹಾಳೆಗಳನ್ನು ಮೊದಲಿಂದ ಕೊನೆಯವರೆಗೆ ಓದಿದ ಮೇಲೇ ಉತ್ತರದ ಮಾತು. ಹುಡುಗರು ಬೆನ್ನ ಹಿಂದೆ ನಗುತ್ತಾರೆ. ನಗಲಿ. ಈ ಬುದ್ಧಿ ಮೇಡಮ್ಮಿಗೆ ಬಂದದ್ದು ಕೆಲಸ ಕೆಟ್ಟ ಮೇಲೆ.

ಇದೇ ಪಾಠಕ್ಕೆ ಅವಳು ವಿದ್ಯಾರ್ಥಿನಿಯಾಗಿ ಕೂತಾಗ ವಯಸ್ಸು ಇಪ್ಪತ್ತೆರಡು. ಪಕ್ಕದಲ್ಲಿ ಕೂತಿದ್ದವಳು ಸ್ವಂತ ಅಕ್ಕ, ವಯಸ್ಸು ಮೂವತ್ತೊಂದು. ಅಮ್ಮ ಹಾಸಿಗೆ ಹಿಡಿದಾಗ ಅಕ್ಕ ಓದು ಬಿಟ್ಟು ಬಣ್ಣದ ಅಂಗಡಿ ಸೇರಿದ್ದಳು. ಗಿರಾಕಿ ಕೇಳಿದ ಬಣ್ಣವನ್ನು ಕೂದಲೆಳೆಯಷ್ಟೂ ಹೆಚ್ಚುಕಮ್ಮಿಯಾಗದಂತೆ ಬೆರೆಸುವ ಕೆಲಸ. ಮೂರರಲ್ಲೊಂದು ಪಾಲು ಬಿಳಿ, ಏಳರಲ್ಲೊಂದು ಪಾಲು ಹಳದಿ, ಎಲ್ಲ ಬಾಯಿಲೆಕ್ಕ. ಹತ್ತು ವರ್ಷ ಡಬ್ಬ ಕಲಕಿ, ಅಮ್ಮ ತೀರಿಕೊಂಡ ಮೇಲೆ ಒಂದು ದಿನ, “ನಿನ್ ಜೊತೆ ನಾನೂ ಓದ್ತೀನಿ ಕಣೆ” ಅಂದಳು. ತಂಗಿಗೆ ಖುಷಿಯೂ ಆಯಿತು, ಒಳಗೊಳಗೇ ಒಂಚೂರು ನಾಚಿಕೆಯೂ ಆಯಿತು. ಅಕ್ಕನ ಉಗುರುಸಂದಿಯಲ್ಲಿ ನೀಲಿ ಬಣ್ಣ ಇನ್ನೂ ಕೂತಿತ್ತು.

ಬಿಟ್ಟ ಓದನ್ನು ಮತ್ತೆ ಹಿಡಿದವರಿಗೆ ವಿಭಾಗದವರು ಒಂದು ಷರತ್ತು ಹಾಕಿದ್ದರು. ಮೊದಲ ಪರೀಕ್ಷೆ ಪಾಸಾದರೆ ಸೀಟು, ಇಲ್ಲದಿದ್ದರೆ ಮನೆ ದಾರಿ. ಪರೀಕ್ಷೆಯಲ್ಲಿ ಕೊಟ್ಟದ್ದು ಒಂದೇ ಲೆಕ್ಕ, ಆರು ಸಮೀಕರಣ, ಆರು ಅಜ್ಞಾತಗಳು. ಲೆಕ್ಕದ ತುಂಬ ಭಿನ್ನರಾಶಿಗಳೇ. ಕೈಯಲ್ಲಾದರೂ ಬಿಡಿಸಿ, ಯಂತ್ರದಲ್ಲಾದರೂ ಬಿಡಿಸಿ ಅಂದಿದ್ದರು. ತಂಗಿ ಲ್ಯಾಬಿನ ಹಳೇ ಕಂಪ್ಯೂಟರಿಗೆ ಅಂಕಿಗಳನ್ನು ತುಂಬಿ, ಐದು ನಿಮಿಷದಲ್ಲಿ ಕೆಲಸ ಮುಗಿಸಿ ಕಾಲು ಅಲ್ಲಾಡಿಸುತ್ತ ಕೂತಳು. ಆ ಯಂತ್ರಕ್ಕೆ ಆರೇಳು ಅಂಕಿಗಿಂತ ಹೆಚ್ಚು ನೆನಪಿರುತ್ತಿರಲಿಲ್ಲ. ಮೂರರಲ್ಲೊಂದು ಅಂದರೆ ಅದು ದಶಮಾಂಶ ಮಾಡಿಕೊಂಡು ಬಾಲ ಕತ್ತರಿಸುತ್ತಿತ್ತು. ಅಕ್ಕ ಕತ್ತರಿಸಲಿಲ್ಲ. ಮೂರರಲ್ಲೊಂದನ್ನು ಮೂರರಲ್ಲೊಂದಾಗಿಯೇ ಇಟ್ಟುಕೊಂಡು ಹನ್ನೊಂದು ಹಾಳೆ ತುಂಬಿಸಿದಳು. ಕೊನೆಯ ಸಾಲಿನಲ್ಲಿ ಮಾತ್ರ ಮೂರು ದಶಮಾಂಶಕ್ಕೆ ಮೊಟಕು ಮಾಡಿ ಉತ್ತರ ಬರೆದಳು.

ಆ ತರಗತಿಯಲ್ಲಿ ಒಂದು ಪದ್ಧತಿ ಇತ್ತು. ಪಕ್ಕದವರ ಉತ್ತರವನ್ನು ಸಮೀಕರಣಕ್ಕೆ ಹಾಕಿ ನೋಡಿ, ‘ಹೊಂದುತ್ತದೆ’ ಅಥವಾ ‘ಹೊಂದುವುದಿಲ್ಲ’ ಅಂತ ಬರೆದು ಸಹಿ ಮಾಡಿ ಕೊಡಬೇಕು. ತಂಗಿ ತನ್ನ ಉತ್ತರ ಹಾಕಿದಾಗ ಎರಡೂ ಬದಿ ಆರನೇ ದಶಮಾಂಶದವರೆಗೂ ಕೂಡಿಬಂತು. ಅಕ್ಕನದು ಮೂರನೇ ದಶಮಾಂಶಕ್ಕೇ ಎಡವಿತು. ಮೇಲಾಗಿ ಇಬ್ಬರ ಉತ್ತರಕ್ಕೂ ಒಂದಕ್ಕೊಂದು ಸಂಬಂಧವೇ ಇರಲಿಲ್ಲ.

“ಅಕ್ಕಾ, ಎಲ್ಲೋ ತಪ್ಪಿದ್ದೀಯ.”

“ಇಲ್ಲ ಕಣೆ, ಎರಡು ಸಲ ನೋಡ್ದೆ. ಒಂದ್ಸಲ ಈ ಹಾಳೆ ನೋಡು ಬಾ.”

“ಹಾಳೆ ಯಾಕೆ? ಹಾಕಿ ನೋಡಿದ್ರೆ ಹೊಂದ್ತಿಲ್ವಲ್ಲ. ಇದೇನು ಬಣ್ಣ ಬೆರೆಸೋದಾ, ಕಣ್ಣಂದಾಜಲ್ಲಿ ಮಾಡೋಕೆ?”

ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ತಂಗಿ ‘ಹೊಂದುವುದಿಲ್ಲ’ ಎಂದು ಬರೆದು ಸಹಿ ಹಾಕಿದಳು. ಲ್ಯಾಬ್ ಸಹಾಯಕ ಆ ಒಂದು ಪದವನ್ನಷ್ಟೇ ನೋಡಿ ಅಕ್ಕನಿಗೆ ಸೊನ್ನೆ ಸುತ್ತಿದ, ತಂಗಿಗೆ ನೂರಕ್ಕೆ ನೂರು ಕೊಟ್ಟ. ಆಕ್ಷೇಪ ಇದೆಯಾ ಅಂತ ಕೇಳಿದಾಗ ಅಕ್ಕ ತಂಗಿಯ ಮುಖ ನೋಡಿ ಇಲ್ಲ ಅಂದಳು. ಸೋಮವಾರ ಮತ್ತೆ ಅಂಗಡಿಗೆ ಹೋದಳು.

ಮೂರು ವಾರ ಕಳೆದ ಮೇಲೆ ಪ್ರೊಫೆಸರು ಅದೇ ಲೆಕ್ಕವನ್ನು ಬೋರ್ಡಿನ ಮೇಲೆ ಬರೆದರು. ಕೆಲವು ಸಮೀಕರಣಗಳು ಹೆಚ್ಚುಕಡಿಮೆ ಒಂದರ ಮೇಲೊಂದು ಬಿದ್ದ ಗೆರೆಗಳ ಹಾಗೆ, ಅವು ಎಲ್ಲಿ ಕೂಡುತ್ತವೆ ಅಂತ ಹೇಳುವುದೇ ಕಷ್ಟ, ಅಂಕಿಯ ಬಾಲ ಒಂಚೂರು ಕತ್ತರಿಸಿದರೂ ಉತ್ತರ ಎಲ್ಲಿಗೋ ಹಾರಿಹೋಗುತ್ತದೆ ಅಂದರು. “ತಮಾಷೆ ಏನು ಗೊತ್ತಾ? ಆ ತಪ್ಪು ಉತ್ತರವನ್ನೇ ಹಾಕಿ ನೋಡಿ, ಚೆನ್ನಾಗಿ ಹೊಂದುತ್ತೆ. ಸರಿ ಉತ್ತರವನ್ನ ಮೂರು ದಶಮಾಂಶಕ್ಕೆ ಮೊಟಕು ಮಾಡಿ ಹಾಕಿದ್ರೆ ಅದೇ ಎಡವುತ್ತೆ. ಹೊಂದೋದೇ ಬೇರೆ, ಸರಿ ಇರೋದೇ ಬೇರೆ.” ಆಮೇಲೆ ನಿಜವಾದ ಉತ್ತರ ಬರೆದರು. ಆರಕ್ಕೆ ಆರೂ ಅಕ್ಕನ ಅಂಕಿಗಳು.

ಅವತ್ತು ಸಂಜೆ ಅಕ್ಕ ಕೆಲಸದಿಂದ ಬಂದು, ಬಚ್ಚಲಲ್ಲಿ ಸೀಮೆಎಣ್ಣೆ ಹಚ್ಚಿ ಕೈ ಉಜ್ಜಿಕೊಳ್ಳುತ್ತಿದ್ದಾಗ ತಂಗಿ ಹೇಳಲೆಂದು ಬಾಗಿಲವರೆಗೂ ಹೋದಳು. ಹೇಳಿದರೆ ಉತ್ತರಗಳನ್ನು ಮತ್ತೆ ತಿದ್ದುತ್ತಾರೆ, ತನ್ನ ನೂರಕ್ಕೆ ನೂರು ಹೋಗುತ್ತದೆ, ತರಗತಿಯ ಮುಂದೆ ಮಾನ ಹೋಗುತ್ತದೆ. ನಾಳೆ ಹೇಳಿದರಾಯಿತು ಅಂದುಕೊಂಡಳು. ಆ ನಾಳೆಗೆ ಹದಿನೈದು ವರ್ಷ ಹಿಡಿಯಿತು. ಅಷ್ಟರಲ್ಲಿ ಅಕ್ಕನಿಗೆ ಮದುವೆಯಾಯಿತು, ಮಗಳು ಹುಟ್ಟಿದಳು. ತಂಗಿ ಅದೇ ವಿಭಾಗದಲ್ಲಿ ಮೇಡಂ ಆದಳು. ಅವರಿವರ ಹಾಳೆಗಳನ್ನು ಓದಿ ಓದಿ ಕಣ್ಣಿಗೆ ಕನ್ನಡಕ ಬಂತು. ಓದಬೇಕಾಗಿದ್ದ ಹನ್ನೊಂದು ಹಾಳೆ ಮಾತ್ರ ಓದದೆ ಉಳಿಯಿತು.

ಮೊನ್ನೆ ಭಾನುವಾರ ಅಕ್ಕನ ಅಡುಗೆಮನೆಯಲ್ಲಿ ಇಬ್ಬರೂ ಟೀ ಕುಡಿಯುತ್ತಿದ್ದರು. ಅಕ್ಕನ ಮಗಳು ಲೆಕ್ಕದ ಪುಸ್ತಕ ಹಿಡಿದು ಬಂದಳು.

“ನನ್ ಹತ್ರ ತರ್ಬೇಡ ಕಣೆ,” ಅಕ್ಕ ನಗುತ್ತಲೇ ಅಂದಳು. “ನಿಮ್ಮಮ್ಮನ ತಲೆಗೆ ಲೆಕ್ಕ ಹತ್ತಲ್ಲ. ಒಂದ್ಸಲ ಹೋಗಿ ಮುಖಕ್ಕೆ ಹೊಡ್ಸಿಕೊಂಡು ಬಂದಿದ್ದೀನಿ. ಚಿಕ್ಕಮ್ಮನ್ನ ಕೇಳು.”

ಈ ಮಾತನ್ನು ತಂಗಿ ಇದಕ್ಕೂ ಮುಂಚೆ ಎಷ್ಟೋ ಸಲ ಕೇಳಿದ್ದಳು. ಅವತ್ತು ಮಾತ್ರ ಟೀ ಲೋಟ ಪಕ್ಕಕ್ಕಿಟ್ಟಳು. ಹುಡುಗಿಯನ್ನು ಹೊರಗೆ ಕಳಿಸಿ, ತಲೆ ತಗ್ಗಿಸಿಕೊಂಡು ಎಲ್ಲ ಹೇಳಿದಳು. ಯಂತ್ರ ಬಾಲ ಕತ್ತರಿಸಿದ್ದು, ಬೋರ್ಡು, ಆರು ಅಂಕಿ.

ಅಕ್ಕ ಲೋಟ ಕೆಳಗಿಟ್ಟಳು.

“ಹಾಗಾದ್ರೆ ನಂದು ಸರಿ ಇತ್ತಾ?”

“ಸರಿ ಇತ್ತಕ್ಕ. ಇಡೀ ಕ್ಲಾಸಲ್ಲಿ ನಿಂದೊಂದೇ.”

ಅಕ್ಕನ ಮುಖ ಒಂದು ಗಳಿಗೆ ಅರಳಿತು. ತಂಗಿಗೆ ಉಸಿರು ಬಂದ ಹಾಗಾಯಿತು.

“ನಿಂಗೆ ಯಾವಾಗ ಗೊತ್ತಾಯ್ತು?”

“ಮೂರೇ ವಾರಕ್ಕೆ.”

ಅಕ್ಕ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಎದ್ದು ಸಿಂಕಿನ ಹತ್ತಿರ ಹೋಗಿ, ಬೆನ್ನು ತಿರುಗಿಸಿ ನಿಂತುಕೊಂಡೇ ಹೇಳಿದಳು:

“ಸೀಟು ಹೋಗಿದ್ದು ಹೋಗ್ಲಿ ಬಿಡೇ. ನಾನು ದಡ್ಡಿ ಅಂತ ನಾನೇ ಹೇಳ್ಕೊಂಡು ತಿರುಗ್ತಿದ್ನಲ್ಲ, ಹದಿನೈದು ವರ್ಷ... ನೀನು ಪಕ್ಕದಲ್ಲೇ ಕೂತು ಕೇಳಿಸ್ಕೊಳ್ತಿದ್ದೆ.”