ನೀರು ಹೊಡೆಯಬೇಕಿಲ್ಲದ ಮನೆ

ಕಾರ್ಖಾನೆಯಲ್ಲೇ ತಯಾರಾದ ಮೊದಲ ರೂಮು ಹರಿಹರದ ನನ್ನ ಸೈಟಿಗೆ ಲಾರಿಯ ಮೇಲೆ ಬಂದ ದಿನ, ನಾನು ಅದರ ಬಚ್ಚಲಮನೆಯಲ್ಲಿ ಸಿಕ್ಕಿಕೊಂಡೆ. ನಲ್ಲಿ ಸಮೇತ ಬಂದಿದೆ ನೋಡಿ ಎಂದು ನೆರೆದವರಿಗೆ ತೋರಿಸುವ ಉಮೇದಿನಲ್ಲಿ ಲಾರಿ ಹತ್ತಿ, ಒಳಗೆ ಹೋಗಿ ಬಾಗಿಲು ಹಾಕಿದ್ದೇ ತಪ್ಪಾಯಿತು. ಚಿಲಕ ಕಚ್ಚಿಕೊಂಡಿತು. ಕ್ರೇನಿನವನು ಎತ್ತಲೋ ಬೇಡವೋ ಎಂದು ಕೂಗುತ್ತಿದ್ದ. ಹೊರಗಿನಿಂದ ಹೆಗಲು ಕೊಟ್ಟು ಬಾಗಿಲು ನೂಕಿ ನನ್ನನ್ನು ಬಿಡಿಸಿದವಳು ಸೈಟು ಕಾಯುವ ಕಮಲಕ್ಕ. ಎಲ್ಲರೂ ನಕ್ಕರು, ಅವಳೊಬ್ಬಳು ನಗಲಿಲ್ಲ.

ಕಮಲಕ್ಕ ಮಾಯಕೊಂಡದ ಕಡೆಯವಳು. ಗಂಡ ಸಣ್ಣತಿಮ್ಮಪ್ಪ ಗಾರೆ ಕೆಲಸದವನು. ಅವನು ತೀರಿಕೊಂಡ ಮೇಲೂ ಆಕೆ ಕಟ್ಟಡಗಳನ್ನು ಬಿಡಲಿಲ್ಲ. ಸಿಮೆಂಟು, ಕಬ್ಬಿಣ ಕಾಯುವುದು, ಹೊಸ ಗೋಡೆಗೆ ಹೊತ್ತುಹೊತ್ತಿಗೆ ನೀರು ಹೊಡೆಯುವುದು, ಮೂಲೆಯ ತಗಡಿನ ಶೆಡ್ಡಿನಲ್ಲಿ ಮಗಳು ಕೀರ್ತನಾಳ ಜೊತೆ ಬದುಕುವುದು. ದಾವಣಗೆರೆಯ ವಿದ್ಯಾನಗರ, ನಿಟ್ಟುವಳ್ಳಿ, ಎಲ್ಲಿ ನೋಡಿದರೂ ಆಕೆ ನೀರು ಕುಡಿಸಿದ ಗೋಡೆಗಳಿವೆ. ಗೃಹಪ್ರವೇಶದ ಹೋಳಿಗೆ ಉಂಡು, ಕೊಟ್ಟ ಸೀರೆ ಇಸಿದುಕೊಂಡು, ಮಾರನೆಯ ದಿನ ಗಂಟು ಕಟ್ಟುವುದು. ಮನೆಯವರು ಒಳಗೆ ಬರುವ ಮುಹೂರ್ತವೇ ಆಕೆ ಹೊರಡುವ ಮುಹೂರ್ತ.

ನಮ್ಮ ಮೇಸ್ತ್ರಿ ಗುಡ್ಡಪ್ಪ ಮನೆ ಮುಗಿಯಲು ಒಂದು ವರ್ಷವಾದರೂ ಬೇಕು ಎಂದಿದ್ದ. ಅದನ್ನು ನಂಬಿ ಆಕೆ ಮಗಳನ್ನು ಹರಿಹರದಲ್ಲೇ ಹತ್ತನೇ ಕ್ಲಾಸಿಗೆ ಸೇರಿಸಿದಳು. ಮಾರ್ಚಿನ ಪರೀಕ್ಷೆಯವರೆಗೆ ಶೆಡ್ಡು ನಿಂತಿದ್ದರೆ ಸಾಕಿತ್ತು. ಆದರೆ ತಳಪಾಯ ಮುಗಿಯುವ ಹೊತ್ತಿಗೆ, ಮಲೆಬೆನ್ನೂರಿನಲ್ಲಿ ಗೆಳೆಯನ ಕ್ಲಿನಿಕ್ಕು ಕಾರ್ಖಾನೆಯಿಂದ ಬಂದ ರೂಮುಗಳಲ್ಲಿ ವಾರದೊಳಗೆ ಎದ್ದು ನಿಂತದ್ದನ್ನು ನಾನು ನೋಡಿಬಂದೆ. ನನ್ನ ಮನೆಗೂ ಅಂಥವನ್ನೇ ಆರ್ಡರು ಮಾಡಿ, ಅಂದಿನಿಂದ ಆ ಕಂಪನಿಗೆ ಸಂಬಳವಿಲ್ಲದ ಏಜೆಂಟನಾದೆ. ಮಂಡಕ್ಕಿ ಮೆಣಸಿನಕಾಯಿ ತಿನ್ನುತ್ತ ಸಿಕ್ಕಸಿಕ್ಕವರಿಗೆ ಉಪದೇಶ: ಧೂಳಿಲ್ಲ, ಮಳೆ ನಿಲ್ಲಲೆಂದು ಕಾಯಬೇಕಿಲ್ಲ, ಬೋಲ್ಟು ಬಿಗಿದರೆ ಮನೆ; ತೋಟದ ಮನೆ, ಡಾಬಾ, ಲಾಡ್ಜು, ಇನ್ನು ಮೇಲೆ ಎಲ್ಲ ಹೀಗೇ. ಇದಕ್ಕೆ ನೀರು ಹೊಡೆಯುವುದೇ ಬೇಕಿಲ್ಲವೆಂದು ಕಮಲಕ್ಕನಿಗೂ ಹೆಮ್ಮೆಯಿಂದ ಹೇಳಿದೆ. ಆಕೆ ಪೈಪು ಸುತ್ತಿಟ್ಟಳು.

ಜನವರಿಯಲ್ಲೇ ಮನೆ ಬಂದುಬಿಟ್ಟಿತು. ಎರಡನೇ ರೂಮು ಇಳಿಸಲು ಕ್ರೇನು ನಿಲ್ಲಬೇಕಾದ ಜಾಗದಲ್ಲಿ ಶೆಡ್ಡಿತ್ತು. ತೆಗೆಸಿ ಎಂದು ಕಂಪನಿಯವರು ನನಗೆ ಹೇಳಿದರು, ನಾನು ಗುಡ್ಡಪ್ಪನಿಗೆ ಹೇಳಿದೆ, ಅವನು ಆಕೆಗೆ ಹೇಳಿದ. ಪರೀಕ್ಷೆ ಮುಗಿಯುವ ತನಕ ಇಳಿಸಿಟ್ಟ ಮೊದಲ ರೂಮಿನಲ್ಲೇ ಇರಿ ಎನ್ನುವ ಮಾತು ನನ್ನ ಗಂಟಲವರೆಗೆ ಬಂತು. ಹೆಂಡತಿ ಅದರ ಕಿಟಕಿಗೆ ಪರದೆಯ ಅಳತೆ ತೆಗೆಯುತ್ತಿದ್ದುದನ್ನು ಕಂಡು ಹಾಗೇ ಕೆಳಗಿಳಿಯಿತು. ಊರಿಗೆಲ್ಲ ಭಾಷಣ ಮಾಡುವ ಬಾಯಿ ಇದು.

ಮಾರನೆಯ ದಿನ ಆಟೋಗೆ ಒಲೆ, ಟ್ರಂಕು, ತಗಡು ಏರಿದವು. ಟ್ರಂಕಿನ ಮೇಲೆ ಕುಳಿತ ಕೀರ್ತನಾ ವಿಜ್ಞಾನದ ಪುಸ್ತಕದಿಂದ ತಲೆ ಎತ್ತಲಿಲ್ಲ.

“ಮುಂದೆ ಎಲ್ಲಿಗೆ ಕಮಲಕ್ಕ?” ಎಂದೆ.

“ಬಾತಿ ಹತ್ರ ಒಂದ್ ಅರ್ಧ ಕಟ್ಟಿದ ಮನಿ ಐತೆ ಸಾರ್. ಅಣ್ಣತಮ್ಮರು ಕೋರ್ಟಿಗೆ ಹೋಗ್ಯಾರ, ಕೆಲಸ ನಿಂತೈತೆ. ಪರೀಕ್ಷೆ ಮುಗಿಯಾತನಕ ಏನೂ ಭಯ ಇಲ್ರಿ.”